ಮಂಡ್ಯದ ದಾರಿಗೆ ಯಾವ ಕಾಲದ ಟೈರು?

ಭಾನುವಾರ ಬೆಳಿಗ್ಗೆ ಏಳರ ಹೊತ್ತಿಗೆ ಮದ್ದೂರಿನ ಹಳೆಯ ರಸ್ತೆಯ ಹೋಟೆಲುಗಳ ಮುಂದೆ ನಿಂತರೆ ನೋಡಲು ಒಂದು ತಮಾಷೆ ಸಿಗುತ್ತದೆ. ಬೆಂಗಳೂರಿನಿಂದ ಹೊರಟ ವೇಗದ ಕಾರುಗಳು, ಹೊಟ್ಟೆ ನೆಲಕ್ಕೆ ತಾಗೀತೋ ಎನ್ನುವಷ್ಟು ತಗ್ಗಾದವು, ಗುಡುಗುಡು ಸದ್ದಿನೊಡನೆ ಬಂದು ನಿಲ್ಲುತ್ತವೆ. ಇಳಿದವರು ವಡೆ ಮುರಿದು ಚಟ್ನಿಗೆ ಅದ್ದುತ್ತಾ ಒಬ್ಬರ ಎಂಜಿನ್ನನ್ನು ಇನ್ನೊಬ್ಬರು ಹೊಗಳುತ್ತಾರೆ. ಬಾಗಿ ಟೈರು ನೋಡುವವರು ಮಾತ್ರ ಅಪರೂಪ. ಕಾರಿಗೂ ನೆಲಕ್ಕೂ ಇರುವ ಸಂಬಂಧವೆಲ್ಲ ಅಂಗೈ ಅಗಲದ ನಾಲ್ಕು ರಬ್ಬರ್ ತೇಪೆಗಳಲ್ಲಿದೆ ಎಂಬುದು ವಡೆ ತಿನ್ನುವಾಗ ಯಾರಿಗೆ ನೆನಪಾದೀತು!

2025ರ ಆಗಸ್ಟ್ ತಿಂಗಳ ಒಂದು ಭಾನುವಾರ ಅಂಥದೇ ಸಾಲಿನಲ್ಲಿ ಒಬ್ಬ ತಂದೆ, ಎಂಜಿನಿಯರಿಂಗ್ ಓದುವ ಮಗ ಇದ್ದರು. ಮಂಡ್ಯದವರು. ಹಿಂದಿನ ದಿನವಷ್ಟೇ ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ವೇಗದ ಕಾರೊಂದನ್ನು ಕೊಂಡಿದ್ದರು. ಮಳವಳ್ಳಿಯ ಕಡೆಯ ಹಳ್ಳಿಯಲ್ಲಿರುವ ಅಜ್ಜಿಗೆ ಕಾರು ತೋರಿಸಿ, ಪೂಜೆ ಮಾಡಿಸಿ, ಸಂಜೆಗೆ ಮಂಡ್ಯ ಸೇರುವುದು ಲೆಕ್ಕ. ಮಗನ ತಲೆಯಲ್ಲಿ ಬೇರೆಯೇ ಲೆಕ್ಕವಿತ್ತು: ಮುಂದಿನ ವಾರ ಮೂವರು ಗೆಳೆಯರೊಡನೆ ಎಕ್ಸ್‌ಪ್ರೆಸ್‌ವೇ ಮೇಲೆ ಮೈಸೂರಿಗೆ.

ಈ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದದ್ದು 2023ರ ಮಾರ್ಚ್ 12ರಂದು, ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ. ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಮುಖ್ಯ ರಸ್ತೆ ನಿಷಿದ್ಧವಾಯಿತು. ಕಾರಿಗೆ ಇರುವ ಮಿತಿ ಗಂಟೆಗೆ 100 ಕಿ.ಮೀ. ಈ ಕಾರಿನ ಟೈರಿನ ಮೇಲೋ 'ಡಬ್ಲ್ಯು' ಎಂಬ ಅಕ್ಷರ! ಅಂದರೆ 270 ಕಿ.ಮೀ. ವೇಗದವರೆಗೆ ತಾಳುವ ಟೈರು. ಆ ಅಕ್ಷರ ಟೈರಿನ ಶಾಖ ಸಹಿಸುವ ಶಕ್ತಿಯನ್ನು ಹೇಳುತ್ತದೆಯೇ ಹೊರತು ಓಡಿಸುವವನಿಗೆ ಕೊಟ್ಟ ಪರವಾನಗಿಯಲ್ಲ. ಅದೂ ಟೈರು ಹೊಸದಾಗಿದ್ದಾಗಿನ ಮಾತು.

ಅಕ್ಷರದ ಪಕ್ಕದಲ್ಲಿ 'ಎಂ ಪ್ಲಸ್ ಎಸ್' ಎಂಬ ಗುರುತೂ ಇತ್ತು. ಕೆಸರು ಮತ್ತು ಹಿಮ ಎಂದು ಅರ್ಥ. ಸರ್ವಋತು ಟೈರುಗಳ ಮೇಲೆ ಸಾಮಾನ್ಯವಾಗಿ ಕಾಣುವ ಗುರುತು. ಮಗನಿಗೆ ಅದೇ ದೊಡ್ಡ ಹೆಮ್ಮೆ. ಅವನ ದೊಡ್ಡಪ್ಪನ ಮಗ ಕೆನಡಾದ ಮಾಂಟ್ರಿಯಲ್‌ನಲ್ಲಿದ್ದಾನೆ. ಅಲ್ಲಿ, ಕ್ವಿಬೆಕ್ ಪ್ರಾಂತ್ಯದಲ್ಲಿ, ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಕಾರಿಗೆ ಚಳಿಗಾಲದ ಟೈರು ಹಾಕಲೇಬೇಕೆಂದು ಕಾನೂನಿದೆ. ವರ್ಷಕ್ಕೆರಡು ಸಲ ಟೈರು ಬದಲಿಸುವ ಚಿತ್ರಗಳನ್ನು ಅಣ್ಣ ಕಳಿಸುತ್ತಾನೆ. "ನಮಗೆ ಆ ತಾಪತ್ರಯವೇ ಇಲ್ಲ ಅಪ್ಪ, ಇದು ಎಲ್ಲಾ ಕಾಲಕ್ಕೂ ಆಗತ್ತೆ" ಎಂದು ಮಗ ಕೆ.ಎಂ. ದೊಡ್ಡಿಯವರೆಗೂ ಹೇಳುತ್ತಲೇ ಇದ್ದ.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ಈ ದಾರಿಗೆ ಎಕ್ಸ್‌ಪ್ರೆಸ್‌ವೇಯ ಪರಿಚಯವೇ ಇಲ್ಲ. ಕೆ.ಎಂ. ದೊಡ್ಡಿಯಲ್ಲಿ ಸಕ್ಕರೆ ಕಾರ್ಖಾನೆ. ಕಬ್ಬು ಹೇರಿದ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆಯುತ್ತಾ ರಸ್ತೆಯ ಮುಕ್ಕಾಲು ಪಾಲು ಹಿಡಿದಿರುತ್ತವೆ. ಉಬ್ಬುಗಳಿಗೆ ಲೆಕ್ಕವಿಲ್ಲ, ಕೆಲವಕ್ಕೆ ಬಿಳಿ ಪಟ್ಟಿಯೂ ಇಲ್ಲ. ಟೈರಿನ ಅಳತೆ 225/40 ಆರ್ 18. ವಿದ್ಯಾರ್ಥಿಗಳು ಈ ಸಂಖ್ಯೆಯನ್ನು ಬಿಡಿಸಿ ನೋಡಬಹುದು: ಅಗಲ 225 ಮಿ.ಮೀ., ಅದರ ಶೇಕಡ 40ರಷ್ಟು ಪಕ್ಕದ ಗೋಡೆಯ ಎತ್ತರ, ಅಂದರೆ 90 ಮಿ.ಮೀ. ಸಾಮಾನ್ಯ ಮನೆಕಾರಿನ 165/80 ಆರ್ 14 ಟೈರಿಗೆ ಇದು 132 ಮಿ.ಮೀ. ಗುಂಡಿಗೆ ಬಿದ್ದಾಗ ಪೆಟ್ಟು ನುಂಗುವ ಮೆತ್ತೆ ಅಷ್ಟು ಕಡಿಮೆ. ಮಳವಳ್ಳಿ ಇನ್ನೂ ದೂರವಿರುವಾಗಲೇ ಎಡ ಮುಂಚಕ್ರ ನೀರು ತುಂಬಿದ ಗುಂಡಿಯೊಂದಕ್ಕೆ ಧಡ್ ಎಂದು ಇಳಿದು ಎದ್ದಿತು.

ಅಜ್ಜಿಯ ಊರಿನಲ್ಲಿ ನಾಟಿಯ ಸಂಭ್ರಮ. ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗವಾದ್ದರಿಂದ ಇಲ್ಲಿಗೆ ನೀರು ಬರುವುದು ತಡ. ಬಂದಾಗ ಊರಿಗೆ ಊರೇ ಗದ್ದೆಗಿಳಿಯುತ್ತದೆ. ಕೆಸರು ಕಲಸುತ್ತಿದ್ದ ಟ್ರ್ಯಾಕ್ಟರಿನ ಹಿಂಚಕ್ರಗಳಿಗೆ ಕಬ್ಬಿಣದ ಕೇಜ್ ವೀಲ್ ಜೋಡಿಸಿತ್ತು. ಬರೀ ರಬ್ಬರಿನ ಚಕ್ರವಾದರೆ ಕೆಸರಿನಲ್ಲಿ ಹೂತು ನಿಂತಲ್ಲೇ ತಿರುಗುತ್ತದೆ. ಕೇಜ್ ವೀಲಿನ ಅಡ್ಡಪಟ್ಟಿಗಳು ಕೆಸರನ್ನು ಕಚ್ಚಿ ಹಿಡಿಯುತ್ತವೆ. ಅದನ್ನೇ ತೊಟ್ಟು ಡಾಂಬರಿಗೆ ಬಂದರೆ ರಸ್ತೆಯೂ ಹಾಳು, ಬ್ರೇಕೂ ನಿಲ್ಲದು. ಮಂಡ್ಯ ಜಿಲ್ಲೆಗೆ 'ಚಳಿಗಾಲದ ಟೈರು' ಎಂಬುದೇನಾದರೂ ಇದ್ದರೆ ಅದು ಈ ಕೇಜ್ ವೀಲೇ!

ಪೂಜೆ ಸಾಂಗವಾಗಿ ಆಯಿತು. ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು ಇಟ್ಟು ಕಾರನ್ನು ಮುಂದಕ್ಕೆ ಸರಿಸಿದಾಗ ಮೂರು ಪಟ್ಟೆಂದು ಒಡೆದವು. ಎಡ ಮುಂಚಕ್ರದ್ದು ಮಾತ್ರ ಮೆಲ್ಲಗೆ ಅಪ್ಪಚ್ಚಿಯಾಯಿತು. ಅಜ್ಜಿ ಮುಖ ಸಣ್ಣ ಮಾಡಿಕೊಂಡರು. ಶಕುನದ ಮಾತು ಹಾಗಿರಲಿ, ಟೈರಿನಲ್ಲಿ ಗಾಳಿ ಇಳಿದಿತ್ತು.

ಮಳವಳ್ಳಿ ಪೇಟೆಯ ಟೈರಂಗಡಿಗೆ ನಿಧಾನವಾಗಿ ತಂದರು. ಗೋಡೆಯ ಮೇಲೆ 'ವಿಕ್ರಾಂತ್' ಎಂದು ಬರೆದ ಬಣ್ಣ ಮಾಸಿ ಉಳಿದಿತ್ತು. ಮೈಸೂರಿನ ಆ ಕಂಪನಿ 1997ರಲ್ಲಿ ಜೆ.ಕೆ. ಟೈರ್ ಕೈಸೇರಿದರೂ ಹಳೆಯ ಗೋಡೆಗಳು ಹೆಸರನ್ನು ಸುಲಭವಾಗಿ ಬಿಡುವುದಿಲ್ಲ. ಅಂಗಡಿಯ ಯಜಮಾನರು ಪಂಕ್ಚರ್ ಹುಡುಕುವ ಮೊದಲೇ ಟೈರಿನ ಪಕ್ಕವನ್ನು ಚಿಂದಿ ಬಟ್ಟೆಯಿಂದ ಒರೆಸಿ, ಒಂದು ಪುಟ್ಟ ಅಂಡಾಕಾರದೊಳಗಿನ ನಾಲ್ಕು ಅಂಕಿಗಳನ್ನು ಓದಿದರು: 0916.

"ಇದು 2016ನೇ ಇಸವಿದು ಕಣಪ್ಪ, ಒಂಬತ್ತನೇ ವಾರದ್ದು" ಎಂದರು.

"ಸವೆದೇ ಇಲ್ವಲ್ಲ ಯಜಮಾನ್ರೇ, ಗೀರು ಎಷ್ಟು ಆಳ ಇದೆ ನೋಡಿ" ಎಂದ ಮಗ.

"ಮೇಲ್ಗಡೆ ಚೆಂದಾಗೇ ಕಾಣ್ತದೆ ಮಗ. ಒಳಗೆ ಒಣಗೋಗದೆ." ಅವರು ಟೈರಿನ ಪಕ್ಕವನ್ನು ಹೆಬ್ಬೆರಳಿನಿಂದ ಒತ್ತಿದರು. ಕೂದಲೆಳೆಯಂಥ ಬಿರುಕುಗಳು ಸಾಲಾಗಿ ಬಾಯಿ ತೆರೆದವು. ಗುಂಡಿಗೆ ಬಿದ್ದ ಕಡೆ ಗೋಲಿಯಷ್ಟು ಉಬ್ಬು.

ಹಿಂದಿನ ಮಾಲೀಕ ಕಾರನ್ನು ಓಡಿಸಿದ್ದಕ್ಕಿಂತ ಬಿಸಿಲಲ್ಲಿ ನಿಲ್ಲಿಸಿದ್ದೇ ಹೆಚ್ಚಿರಬೇಕು. ರಬ್ಬರು ಓಡಿದರಷ್ಟೇ ಹಾಳಾಗುವುದಿಲ್ಲ. ಗಾಳಿಯ ಆಮ್ಲಜನಕ, ಓಝೋನ್, ಬಿಸಿಲು ಸೇರಿ ಅದರ ಅಣುಸರಪಳಿಗಳನ್ನು ನಿಧಾನವಾಗಿ ಕೆಡಿಸುತ್ತವೆ. ಕೆಲವು ಕಾರು ತಯಾರಕರು ಆರು ವರ್ಷಕ್ಕೇ ಟೈರು ಬದಲಿಸಿ ಎನ್ನುತ್ತಾರೆ. ಹತ್ತು ವರ್ಷ ದಾಟಿಸಲೇಬೇಡಿ ಎಂದು ಟೈರ್ ಕಂಪನಿಗಳೂ ಹೇಳುತ್ತವೆ.

ಹಾಗಾದರೆ ಹೊಸದಾಗಿ ಯಾವುದನ್ನು ಹಾಕಿಸುವುದು? ಮತ್ತೆ ಸರ್ವಋತುವೇ ಬೇಕೆಂದು ಮಗನ ಹಠ. ವಿಷಯ ಇರುವುದು ರಬ್ಬರಿನ ಸ್ವಭಾವದಲ್ಲಿ. ಉಷ್ಣಾಂಶ ಇಳಿದಂತೆ ರಬ್ಬರು ಗಡುಸಾಗುತ್ತದೆ. ಬೇಸಿಗೆಯ ಟೈರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹಿಡಿತ ಕಳೆದುಕೊಳ್ಳತೊಡಗುತ್ತದೆ ಎಂಬುದು ಅಲ್ಲಿನವರ ಸ್ಥೂಲ ಲೆಕ್ಕ. ಅದಕ್ಕೇ ಚಳಿಗಾಲದ ಟೈರಿಗೆ ಮೆದು ರಬ್ಬರು, ಹಿಮ ಕಚ್ಚಲು ನೂರಾರು ಸಣ್ಣ ಸೀಳುಗಳು. ಅದೇ ಟೈರು ಏಪ್ರಿಲ್‌ನ ಮಂಡ್ಯದ ಡಾಂಬರಿನ ಮೇಲೆ ಓಡಿದರೆ? ಮೆದು ರಬ್ಬರು ಬೇಗ ಸವೆಯುತ್ತದೆ, ಸೀಳುಗಳ ನಡುವಿನ ತುಂಡುಗಳು ತಿರುವಿನಲ್ಲಿ ಬಳುಕುತ್ತವೆ, ಬ್ರೇಕ್ ಹಾಕಿದ ಮೇಲೆ ಕಾರು ಇನ್ನಷ್ಟು ದೂರ ಹೋಗಿ ನಿಲ್ಲುತ್ತದೆ. ಸರ್ವಋತು ಟೈರು ಇವೆರಡರ ನಡುವಿನ ರಾಜಿ. ಹಿಮದಲ್ಲಿ ಚಳಿಗಾಲದ ಟೈರಿನಷ್ಟು ಒಳ್ಳೆಯದಲ್ಲ, ಬಿಸಿಲಲ್ಲಿ ಬೇಸಿಗೆಯ ಟೈರಿನಷ್ಟಲ್ಲ. ಇನ್ನು ಆ 'ಎಂ ಪ್ಲಸ್ ಎಸ್' ತಯಾರಕರೇ ಹಾಕಿಕೊಳ್ಳುವ ಗುರುತು. ಪರೀಕ್ಷೆ ಪಾಸಾದ ಟೈರಿನ ಮೇಲೆ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುತ್ತದೆ. ಮಳವಳ್ಳಿಯ ಜನವರಿ ಮುಂಜಾನೆಯೂ ಸಾಮಾನ್ಯವಾಗಿ 10 ಡಿಗ್ರಿಗಿಂತ ಕೆಳಗಿಳಿಯದು. ಬಾರದ ಹಿಮಕ್ಕಾಗಿ ಬರುವ ಬಿಸಿಲಿನ ಹಿಡಿತವನ್ನು ಮಾರಿಕೊಂಡ ಹಾಗಾಯಿತು.

ಯಜಮಾನರು ಇದನ್ನೇ ಎರಡು ಮಾತಿನಲ್ಲಿ ಮುಗಿಸಿದರು: "ಕೇಜ್ ವೀಲ್ ಹಾಕ್ಕಂಡು ಯಾರಾದ್ರೂ ಮೈಸೂರ್‌ಗೆ ಓದಾರ? ನಮ್ ಕಡೆ ಇರೋದು ಬಿಸ್ಲು, ಮಳೆ. ಅದುಕ್ ತಕ್ಕಂಗೆ ತಗಳಿ ಸ್ವಾಮಿ."

ಮಳೆಯ ಮಾತು ನಿಜಕ್ಕೂ ದೊಡ್ಡದು. 2022ರ ಆಗಸ್ಟ್‌ನಲ್ಲಿ ರಾಮನಗರದ ಬಳಿ ಇದೇ ಹೆದ್ದಾರಿಯ ಮೇಲೆ ನೀರು ನಿಂತು ವಾಹನಗಳು ಮುಳುಗಿದ್ದು ಓದುಗರಿಗೆ ನೆನಪಿರಬಹುದು. ಅಷ್ಟು ನೀರು ಬೇಕಿಲ್ಲ, ಮೂರು ಮಿಲಿಮೀಟರ್ ಸಾಕು. 20 ಸೆಂ.ಮೀ. ಅಗಲದ ಟೈರು 80 ಕಿ.ಮೀ. ವೇಗದಲ್ಲಿ ಅಂಥ ನೀರಿನ ಮೇಲೆ ಹೋದರೆ ಸೆಕೆಂಡಿಗೆ ಸುಮಾರು 13 ಲೀಟರ್ ನೀರನ್ನು ಬದಿಗೆ ತಳ್ಳಬೇಕು. 100 ಕಿ.ಮೀ. ವೇಗದಲ್ಲಾದರೆ 16 ಲೀಟರಿಗೂ ಮೇಲೆ. ಸೆಕೆಂಡಿಗೆ ಒಂದು ಬಿಂದಿಗೆ ನೀರು! ಗೀರುಗಳು ಆಳವಾಗಿದ್ದರೆ ನೀರಿಗೆ ದಾರಿ. ಸವೆದಿದ್ದರೆ ಟೈರು ನೀರಿನ ಮೇಲೆ ತೇಲುತ್ತದೆ, ಸ್ಟೀರಿಂಗ್ ತಿರುಗಿಸಿದರೂ ಕಾರು ತಿರುಗುವುದಿಲ್ಲ. ಗೀರಿನೊಳಗೆ 1.6 ಮಿ.ಮೀ. ಎತ್ತರದ ಪುಟ್ಟ ಕಟ್ಟೆಗಳಿರುತ್ತವೆ. ರಬ್ಬರು ಅದರ ಮಟ್ಟಕ್ಕೆ ಸವೆದರೆ ಟೈರಿನ ಆಯಸ್ಸು ಮುಗಿಯಿತು. ಮಳೆನಾಡಿನವರು ಅಲ್ಲಿಯವರೆಗೂ ಕಾಯದಿರುವುದೇ ಒಳ್ಳೆಯದು.

ಗಾಳಿಯ ಒತ್ತಡದ ಲೆಕ್ಕವನ್ನು ಪಿಯುಸಿ ಹುಡುಗರೂ ಮಾಡಬಲ್ಲರು. 27 ಡಿಗ್ರಿಯಲ್ಲಿ 33 ಪಿಎಸ್‌ಐ ತುಂಬಿದ ಟೈರು ಓಡಿ 57 ಡಿಗ್ರಿಗೆ ಬಿಸಿಯಾದರೆ ಒತ್ತಡ 38ರ ಹತ್ತಿರ ಹೋಗುತ್ತದೆ. ಹೆಚ್ಚಾಯಿತೆಂದು ದಾರಿಯಲ್ಲಿ ಗಾಳಿ ಬಿಡುವವರಿದ್ದಾರೆ. ತಣ್ಣಗಾದಾಗ ಅದೇ ಟೈರು ಸಪ್ಪೆ. ಗಾಳಿ ಕಡಿಮೆಯಾದಷ್ಟೂ ಪಕ್ಕದ ಗೋಡೆ ಮಡಿಸಿ ಮಡಿಸಿ ಕಾಯುತ್ತದೆ, ವೇಗದ ರಸ್ತೆಯಲ್ಲಿ ಸಿಡಿಯುತ್ತದೆ. ಬೆಳಿಗ್ಗೆ ತಣ್ಣಗಿರುವಾಗ ನೋಡಿಸುವುದೇ ಸರಿ.

ತಂದೆ ಬೆಲೆ ಕೇಳಿದರು. ನಾಲ್ಕು ಟೈರಿನ ಮೊತ್ತ ಕೇಳಿ ಒಂದು ಕ್ಷಣ ಸುಮ್ಮನಾದರು. "ಸದ್ಯಕ್ಕೆ ಎರಡು ಹಾಕಿಸೋಣ್ವಾ?" ಎಂದು ಮಗನನ್ನೇ ಕೇಳಿದರು. ಮಗ ಬಿರುಕುಗಳನ್ನು ಇನ್ನೊಮ್ಮೆ ಒತ್ತಿ ನೋಡಿದ. "ಬೇಡ ಅಪ್ಪ, ನಾಲ್ಕೂ ಹಾಕ್ಸಿ. ಮೈಸೂರಿಗೆ ಆಮೇಲೆ ಹೋದ್ರಾಯ್ತು" ಎಂದ.

ಆ ಅಳತೆಯ ಟೈರು ಮಳವಳ್ಳಿಯಲ್ಲಿ ಇರಲಿಲ್ಲ. ಎರಡು ದಿನದಲ್ಲಿ ತರಿಸುವುದೆಂದು ಮಾತಾಯಿತು. ಕಾರನ್ನು ಅಂಗಡಿಯ ಹಿಂದೆ ನಿಲ್ಲಿಸಿ ತಂದೆ ಮಗ ಮಂಡ್ಯದ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಮಳೆ, ಮುಂದೆ ಕಬ್ಬಿನ ಟ್ರ್ಯಾಕ್ಟರೊಂದು ನಿಧಾನಕ್ಕೆ ತೆವಳುತ್ತಿತ್ತು.

ಬುಧವಾರ ಹೊಸ ಟೈರು ಬಂದವು. ತಾರೀಕಿನ ಅಂಕಿಗಳನ್ನು ಈ ಸಲ ಮಗನೇ ಮೊಬೈಲ್ ದೀಪ ಹಿಡಿದು ಓದಿದ. ಹಳೆಯ ನಾಲ್ಕನ್ನು ಬಿಚ್ಚಿ ಹಾಕಿದ ಯಜಮಾನರು ಗೂಡಿನಿಂದ ಚೂರಿ ತೆಗೆದು ಒಂದೊಂದರ ಪಕ್ಕವನ್ನೂ ಗೇಣುದ್ದ ಸೀಳಿದರು. ಯಾಕೆಂದು ಕೇಳಿದ್ದಕ್ಕೆ, "ಗೀರು ಚೆಂದಾಗದಲ್ಲಪ್ಪ, ಇನ್ಯಾರಾದ್ರೂ ತಗಂಡೋಗಿ ಹಾಕ್ಕಂಡ್ಬುಡ್ತಾರೆ" ಎಂದರು.