ಕಿಂಡಿಯ ವರ್ಷ, ಪಂಚಾಂಗದ ವರ್ಷ

ಬೆಂಗಳೂರಿನ ಬಸವನಗುಡಿಯ ಮಗ್ಗುಲಲ್ಲೇ ಗವಿಪುರ. ಹೆಸರೇ ಹೇಳುವ ಹಾಗೆ ಅಲ್ಲೊಂದು ಗವಿ, ಗವಿಯೊಳಗೆ ಗಂಗಾಧರೇಶ್ವರ. ಈ ಗುಡಿಗೆ ಕೆಂಪೇಗೌಡರ ಹೆಸರು ಅಂಟಿಕೊಂಡಿದೆ. ಅಂಗಳಕ್ಕೆ ಕಾಲಿಟ್ಟರೆ ಮಕ್ಕಳ ಕಣ್ಣು ಮೊದಲು ಹೋಗುವುದು ಅಲ್ಲಿನ ಕಲ್ಲಿನ ಕಂಬಗಳ ಕಡೆಗೆ. ಒಂದು ತ್ರಿಶೂಲ, ಒಂದು ಡಮರು, ಇನ್ನೆರಡು ಭಾರಿ ಬೀಸಣಿಗೆಗಳ ಹಾಗೆ ನಿಂತ ಕಲ್ಲಿನ ತಟ್ಟೆಗಳು. ಸೂರ್ಯಪಾನ, ಚಂದ್ರಪಾನ ಎಂದು ಅವುಗಳ ಹೆಸರು.

ಸಂಕ್ರಾಂತಿಯ ಸಂಜೆ ಇಲ್ಲಿ ಜಾತ್ರೆ. ಮುಳುಗಲು ಹೊರಟ ಸೂರ್ಯನ ಬೆಳಕು ಒಂದು ಕಿಂಡಿಯಿಂದ ತೂರಿ, ನಂದಿಯ ಕೊಂಬುಗಳ ನಡುವೆ ಹಾದು, ಗವಿಯ ಕತ್ತಲೆಯಲ್ಲಿರುವ ಲಿಂಗವನ್ನು ಮುಟ್ಟುತ್ತದೆ. ಕೆಲವೇ ನಿಮಿಷ, ಅಷ್ಟೆ. ಪಶ್ಚಿಮದಲ್ಲಿ ಮೋಡ ಕವಿದರೆ ಅದೂ ಇಲ್ಲ. ಇಷ್ಟು ಜನ ಕಾಯುವುದು ಅಷ್ಟು ಹೊತ್ತಿಗಾಗಿ.

ಆ ಸಾಲಿನಲ್ಲಿ ನನ್ನ ಮುಂದೆ ಒಬ್ಬ ಹುಡುಗ ತಾತನ ಕೈ ಹಿಡಿದು ನಿಂತಿದ್ದ. “ತಾತಾ, ಬೇರೆ ಹಬ್ಬ ಎಲ್ಲಾ ತಾರೀಕು ಬದಲಾಗತ್ತೆ, ಸಂಕ್ರಾಂತಿ ಮಾತ್ರ ಯಾಕೆ ಯಾವಾಗ್ಲೂ ಹದಿನಾಲ್ಕಕ್ಕೇ ಬರೋದು?” ತಾತ ಹೇಳಿದರು: “ಹದಿನೈದಕ್ಕೂ ಬರತ್ತೆ ಕಣೋ ಈಗ. ನಮ್ಮ ಕಾಲ್ದಲ್ಲಿ ಹದಿನಾಲ್ಕೇ.” ಸಾಲು ಮುಂದೆ ಸರಿಯಿತು, ಮಾತು ಅಲ್ಲಿಗೇ ನಿಂತಿತು. ಹುಡುಗ ಕೇಳಿದ್ದು ಒಳ್ಳೆಯ ಪ್ರಶ್ನೆ, ತಾತನ ಮಾತೂ ನಿಜ. ವರ್ಷ ಎಂದರೆ ಎಷ್ಟು ಎನ್ನುವ ದೊಡ್ಡ ಲೆಕ್ಕ ಅವರಿಬ್ಬರ ನಡುವೆ ಇತ್ತು.

ಕಿಂಡಿಯಿಂದಲೇ ಶುರುಮಾಡೋಣ. ಸೂರ್ಯ ದಿನವೂ ಒಂದೇ ಜಾಗದಲ್ಲಿ ಮುಳುಗುವುದಿಲ್ಲ. ಮಾರ್ಚ್ 21ರ ಸುಮಾರಿಗೆ ನೇರ ಪಶ್ಚಿಮ. ಆಮೇಲೆ ದಿನದಿನವೂ ಬಲಕ್ಕೆ, ಅಂದರೆ ಉತ್ತರಕ್ಕೆ ಸರಿದು, ಜೂನ್ 21ರ ಹೊತ್ತಿಗೆ ಬೆಂಗಳೂರಿನಲ್ಲಿ ಪಶ್ಚಿಮದಿಂದ 24 ಡಿಗ್ರಿ ಆಚೆಗೆ ಹೋಗಿರುತ್ತದೆ. ಅಲ್ಲಿಂದ ಹಿಂದಿರುಗಿ, ಡಿಸೆಂಬರ್ 21ರ ಹೊತ್ತಿಗೆ ದಕ್ಷಿಣಕ್ಕೆ ಅಷ್ಟೇ ದೂರ. ಮತ್ತೆ ಉತ್ತರಕ್ಕೆ ಪಯಣ. ಸಂಕ್ರಾಂತಿಯ ಸಂಜೆ ಪಶ್ಚಿಮದಿಂದ ದಕ್ಷಿಣಕ್ಕೆ 22 ಡಿಗ್ರಿಯ ಸುಮಾರಿನಲ್ಲಿರುತ್ತದೆ. ಗವಿಯ ಕಿಂಡಿ ಕಾದಿರುವುದು ಆ ದಾರಿಯ ಬೆಳಕಿಗೆ.

ಹಾಗಾದರೆ ಹೋಗುವಾಗಲೂ ಬರುವಾಗಲೂ ಸೂರ್ಯ ಅದೇ ದಾರಿಯಲ್ಲಿ ಸಿಗಬೇಕಲ್ಲ? ಸಿಗುತ್ತದೆ! ಬೆಂಗಳೂರಿನ ನೆಹರೂ ತಾರಾಲಯದ ಬಿ.ಎಸ್. ಶೈಲಜಾ ಮತ್ತು ಸಂಗಡಿಗರು ಈ ಗುಡಿಯನ್ನು ಅಳೆದು ನೋಡಿದಾಗ, ಬೆಳಕು ವರ್ಷಕ್ಕೆ ಎರಡು ಬಾರಿ ಲಿಂಗವನ್ನು ಮುಟ್ಟುತ್ತದೆ ಎಂದು ಕಂಡರು. ಒಮ್ಮೆ ಜನವರಿ ಮಧ್ಯದಲ್ಲಿ, ಇನ್ನೊಮ್ಮೆ ನವೆಂಬರ್ ಕೊನೆ ಮತ್ತು ಡಿಸೆಂಬರ್ ಮೊದಲ ದಿನಗಳಲ್ಲಿ. ನವೆಂಬರಿನ ಬೆಳಕಿಗೆ ಹಬ್ಬವಿಲ್ಲ, ಆದ್ದರಿಂದ ಸಾಲೂ ಇಲ್ಲ.

ಬೆಳಕು ಜನವರಿಯಲ್ಲಿ ಕಿಂಡಿಗೆ ಬಂದು, ಮುಂದಿನ ಜನವರಿಯಲ್ಲಿ ಅದೇ ಗುರುತಿಗೆ ಮರಳುವ ತನಕ ಎಷ್ಟು ದಿನ? ಇದು ಒಂದು ಬಗೆಯ ವರ್ಷ. ಮಳೆ, ಚಳಿ, ಬೇಸಿಗೆಗಳನ್ನು ತರುವುದು ಇದೇ. ಸಾಯನ ವರ್ಷ ಎನ್ನುತ್ತಾರೆ. ಅಳೆಯುವುದಕ್ಕೆ ಗವಿಯೇ ಬೇಕೆಂದಿಲ್ಲ, ಒಂದು ಮೀಟರ್ ಕೋಲು ಸಾಕು. ತಾರಸಿಯ ಮೇಲೆ ನೆಟ್ಟಗೆ ನಿಲ್ಲಿಸಿ, ನಡುಮಧ್ಯಾಹ್ನದ ನೆರಳನ್ನು ಸೀಮೆಸುಣ್ಣದಿಂದ ಗುರುತು ಮಾಡಿ. ಬೆಂಗಳೂರಿನಲ್ಲಿ ಡಿಸೆಂಬರ್ 21ಕ್ಕೆ ಆ ನೆರಳು ಸುಮಾರು 74 ಸೆಂಟಿಮೀಟರ್. ಮಾರ್ಚ್ 21ಕ್ಕೆ 23. ಏಪ್ರಿಲ್ 24ರ ಸುಮಾರಿಗೆ ನೆರಳೇ ಇಲ್ಲ. ಜೂನ್ 21ಕ್ಕೆ ಮತ್ತೆ 18 ಸೆಂಟಿಮೀಟರ್, ಆದರೆ ಈ ಸಲ ದಕ್ಷಿಣದ ಕಡೆಗೆ! ಹಿಂದಿನವರು ಇಂಥ ಕೋಲನ್ನು ಶಂಕು ಎನ್ನುತ್ತಿದ್ದರು.

ನೆರಳು ಒಂದು ಗುರುತಿಗೆ ಮರಳಲು 365 ದಿನ ಎಂದು ಮೊದಲ ವರ್ಷವೇ ತಿಳಿಯುತ್ತದೆ. ನಾಲ್ಕು ವರ್ಷ ನೋಡಿದರೆ 1,460 ದಿನಕ್ಕೆ ನೆರಳು ಗುರುತು ಮುಟ್ಟುವುದಿಲ್ಲ, ಇನ್ನೊಂದು ದಿನ ಬೇಕು. ಅಂದರೆ ವರ್ಷಕ್ಕೆ ಕಾಲು ದಿನ ಹೆಚ್ಚು. ನೂರಾರು ವರ್ಷ ನೋಡಿದರೆ ಕಾಲು ದಿನಕ್ಕಿಂತ ಚೂರು ಕಡಿಮೆ ಎಂದು ಗೊತ್ತಾಗುತ್ತದೆ. ಉಪಕರಣ ಒಂದೇ ಕೋಲು. ಹೆಚ್ಚು ಬೇಕಾದದ್ದು ತಾಳ್ಮೆ. ಈಗಿನ ಲೆಕ್ಕ 365 ದಿನ, 5 ಗಂಟೆ, 48 ನಿಮಿಷ, 45 ಸೆಕೆಂಡು. ಗೋಡೆಯ ಮೇಲಿನ ಕ್ಯಾಲೆಂಡರ್ ನಾಲ್ಕು ವರ್ಷಕ್ಕೊಮ್ಮೆ ಫೆಬ್ರವರಿಗೆ 29 ಕೊಡುವುದು, 1900ರಂಥ ಶತಮಾನದ ವರ್ಷದಲ್ಲಿ ಕೊಡದೆ ಹೋಗುವುದು, ಎಲ್ಲ ಈ ವರ್ಷದ ಜತೆ ಹೆಜ್ಜೆ ಹಾಕಲಿಕ್ಕೆ.

ಆದರೆ ಪಂಚಾಂಗದ ಸಂಕ್ರಾಂತಿ ನೆರಳನ್ನು ನೋಡುವುದಿಲ್ಲ, ನಕ್ಷತ್ರಗಳನ್ನು ನೋಡುತ್ತದೆ. ಸೂರ್ಯ ಮಕರ ರಾಶಿಗೆ ಬಂದರೆ ಮಕರ ಸಂಕ್ರಾಂತಿ. ಹಗಲಲ್ಲಿ ನಕ್ಷತ್ರವೇ ಕಾಣದಲ್ಲ, ಸೂರ್ಯ ಯಾವ ನಕ್ಷತ್ರದ ಬಳಿ ಇದ್ದಾನೆಂದು ತಿಳಿಯುವುದು ಹೇಗೆ? ಇದಕ್ಕೊಂದು ಚೆಂದದ ಉಪಾಯವಿದೆ. ಗ್ರಹಣ ಹಿಡಿದ ಚಂದ್ರ ಸೂರ್ಯನಿಗೆ ನೇರ ಎದುರಿಗಿರುತ್ತಾನೆ. ಆ ರಾತ್ರಿ ಚಂದ್ರನ ಪಕ್ಕದ ನಕ್ಷತ್ರವನ್ನು ಗುರುತಿಸಿದರೆ, ಸೂರ್ಯನಿರುವುದು ಅದರ ಎದುರು ದಿಕ್ಕಿನಲ್ಲಿ. ಹೀಗೆ ಒಂದು ನಕ್ಷತ್ರದ ಬಳಿಯಿಂದ ಹೊರಟ ಸೂರ್ಯ ಮತ್ತೆ ಅದೇ ನಕ್ಷತ್ರಕ್ಕೆ ಮರಳುವ ಕಾಲ ಇನ್ನೊಂದು ಬಗೆಯ ವರ್ಷ. ಇದು ನಾಕ್ಷತ್ರ ವರ್ಷ. ಆರ್ಯಭಟ 43,20,000 ವರ್ಷಕ್ಕೆ 157,79,17,500 ದಿನಗಳೆಂದು ಲೆಕ್ಕ ಕೊಟ್ಟಿದ್ದಾನೆ. ಭಾಗಿಸಿ ನೋಡಿ: 365 ದಿನ, 6 ಗಂಟೆ, 12 ನಿಮಿಷ, 30 ಸೆಕೆಂಡು ಬರುತ್ತದೆ. ಇಂದಿನ ಖಗೋಳಶಾಸ್ತ್ರದ ಅಳತೆ 365 ದಿನ, 6 ಗಂಟೆ, 9 ನಿಮಿಷ, 10 ಸೆಕೆಂಡು. ದೂರದರ್ಶಕವಿಲ್ಲದ ಕಾಲದಲ್ಲಿ ಮೂರೂಕಾಲು ನಿಮಿಷದಷ್ಟು ವ್ಯತ್ಯಾಸ ಮಾತ್ರ!

ಎರಡು ವರ್ಷಗಳಿಗೂ ಸುಮಾರು ಇಪ್ಪತ್ತು ನಿಮಿಷದ ಅಂತರ. ಯಾಕೆ? ಭೂಮಿ ತಿರುಗುವುದು ಬುಗುರಿಯ ಹಾಗೆ. ವೇಗವಾಗಿ ಸುತ್ತುತ್ತಲೇ, ಬುಗುರಿಯ ತಲೆ ನಿಧಾನವಾಗಿ ತೂಗಿ ಇನ್ನೊಂದು ದೊಡ್ಡ ಸುತ್ತು ಹಾಕುವುದಿಲ್ಲವೇ? ಭೂಮಿಯ ಅಕ್ಷವೂ ಸುಮಾರು 26,000 ವರ್ಷಕ್ಕೆ ಅಂಥದೊಂದು ಸುತ್ತು ಹಾಕುತ್ತದೆ, ಅದೂ ಹಿಮ್ಮುಖವಾಗಿ. ಶಾಲೆಯ ಮೈದಾನವನ್ನು ನೀವು ಸುತ್ತು ಹಾಕುತ್ತಿದ್ದೀರಿ ಎನ್ನಿ. ಹೊರಟ ಜಾಗದಲ್ಲಿ ಒಂದು ಆಲದ ಮರ, ಮರದ ಕೆಳಗೆ ನಿಮ್ಮ ಗೆಳೆಯ. ನೀವು ಸುತ್ತಿ ಬರುವಷ್ಟರಲ್ಲಿ ಅವನು ನಿಮ್ಮ ಎದುರಿಗೆ ಒಂದು ಹೆಜ್ಜೆ ಬಂದಿರುತ್ತಾನೆ. ಗೆಳೆಯ ಮೊದಲು ಸಿಗುತ್ತಾನೆ, ಮರ ಆಮೇಲೆ. ಗೆಳೆಯ ಅಂದರೆ ಋತು, ಮರ ಅಂದರೆ ನಕ್ಷತ್ರ.

ಇಪ್ಪತ್ತು ನಿಮಿಷ ಏನು ಮಹಾ ಎನಿಸಬಹುದು. ಸುಮಾರು 72 ವರ್ಷಕ್ಕೆ ಅದು ಒಂದು ದಿನ. ಮನೆಯಲ್ಲಿ ಹಳೆಯ ಪಂಚಾಂಗಗಳಿದ್ದರೆ ಸಂಕ್ರಮಣದ ಹೊತ್ತನ್ನು ಹೋಲಿಸಿ ನೋಡಿ. ದೃಗ್ಗಣಿತದ ಪ್ರಕಾರ 2024ರಲ್ಲಿ ಅದು ಜನವರಿ 15ರ ಬೆಳಗಿನ ಜಾವ ಮೂರರ ಹತ್ತಿರ. 2025ರಲ್ಲಿ 14ರ ಬೆಳಿಗ್ಗೆ ಒಂಬತ್ತರ ಹೊತ್ತಿಗೆ. 2026ರಲ್ಲಿ 14ರ ಮಧ್ಯಾಹ್ನ ಮೂರು ದಾಟಿ. ಪ್ರತಿ ವರ್ಷ ಆರು ಗಂಟೆ ಒಂಬತ್ತು ನಿಮಿಷದಷ್ಟು ತಡ. ಅಧಿಕ ವರ್ಷದ ಫೆಬ್ರವರಿ 29 ಒಂದು ದಿನವನ್ನು ಹಿಂದಕ್ಕೆಳೆದರೂ, ನಾಲ್ಕು ವರ್ಷಕ್ಕೆ ಸುಮಾರು 37 ನಿಮಿಷ ಉಳಿದೇಬಿಡುತ್ತದೆ. ಹದಿನೈದನೇ ತಾರೀಕು ಬಂದದ್ದು ಹೀಗೆ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು 1863ರ ಮಕರ ಸಂಕ್ರಾಂತಿಯಂದು. ಅಂದು ತಾರೀಕು ಜನವರಿ 12! ಅಲ್ಲಿಂದ ಇಲ್ಲಿಗೆ ಎರಡು ದಿನ ಸರಿದಿದೆ. 1900ಕ್ಕೆ ಫೆಬ್ರವರಿ 29 ಇಲ್ಲದ್ದರಿಂದ ಒಂದು ದಿನ, 37 ನಿಮಿಷಗಳು ಕೂಡಿ ಕೂಡಿ ಇನ್ನೊಂದು.

ಸಂಕ್ರಾಂತಿಗೆ ಉತ್ತರಾಯಣ ಶುರು ಎಂದು ಅಜ್ಜಿಯರು ಹೇಳುತ್ತಾರೆ. ಸೂರ್ಯ ನಿಜಕ್ಕೂ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ಕ್ಕೆ. ಸುಮಾರು 1,700 ವರ್ಷಗಳ ಹಿಂದೆ ಎರಡೂ ಒಂದೇ ದಿನ ಬರುತ್ತಿದ್ದವು. ಅಜ್ಜಿಯರ ಮಾತು ಆ ಕಾಲದಿಂದ ಉಳಿದು ಬಂದದ್ದು, ನೆನಪಿಟ್ಟುಕೊಂಡದ್ದಕ್ಕೆ ಅವರನ್ನು ಮೆಚ್ಚಬೇಕು.

ಗವಿಗೇ ಮರಳಿದರೆ ಅಲ್ಲಿ ಒಂದು ತೊಡಕಿದೆ. ಕಿಂಡಿ ಕಲ್ಲಿನದು, ಅದು ಕಾಯುವುದು ಋತುವಿನ ವರ್ಷವನ್ನು. ಹಬ್ಬ ಹೋಗುವುದು ನಕ್ಷತ್ರದ ವರ್ಷದ ಹಿಂದೆ. ಸದ್ಯಕ್ಕೆ ಎರಡೂ ಒಂದೇ ಸಂಜೆ ಕೂಡುತ್ತಿವೆ. ಇನ್ನು ಐನೂರು ವರ್ಷಕ್ಕೆ ಸಂಕ್ರಾಂತಿ ಋತುವಿನ ಲೆಕ್ಕದಲ್ಲಿ ಏಳು ದಿನ ಮುಂದಕ್ಕೆ ಹೋಗಿರುತ್ತದೆ, ಆ ಸಂಜೆಯ ಸೂರ್ಯ ಈಗಿನ ಜಾಗದಿಂದ ಎರಡೂವರೆ ಬಿಂಬಗಳಷ್ಟು ಉತ್ತರಕ್ಕಿರುತ್ತಾನೆ. ಬೆಳಕು ಎಂದಿನಂತೆ ಜನವರಿ ಮಧ್ಯದಲ್ಲಿ ಲಿಂಗವನ್ನು ಮುಟ್ಟಿ ಹೋಗಿರುತ್ತದೆ. ಎಳ್ಳುಬೆಲ್ಲ ಹಿಡಿದು ಜನ ಬರುವುದು ಒಂದು ವಾರದ ಮೇಲೆ. ಆಗಿನವರು ಏನು ಮಾಡಿಯಾರು? ಕಿಂಡಿಯನ್ನು ಅಗಲ ಮಾಡುತ್ತಾರೋ, ಬೆಳಕಿಗೆಂದೇ ಬೇರೆ ಪೂಜೆ ಇಡುತ್ತಾರೋ? ನನ್ನನ್ನು ಕೇಳಿದರೆ ಕಿಂಡಿಯನ್ನು ಮುಟ್ಟಬಾರದು.

ಜನಜಂಗುಳಿ ಬೇಡ ಎನ್ನುವ ತಾತ-ಮೊಮ್ಮಕ್ಕಳು ನವೆಂಬರ್ ಕೊನೆಯ ಮೂರು ನಾಲ್ಕು ದಿನಗಳಲ್ಲಿ, ಮೋಡವಿಲ್ಲದ ಸಂಜೆ ನೋಡಿಕೊಂಡು ಹೋಗಿ. ಗುಡಿಯ ಬಾಗಿಲು ತೆರೆದಿರುತ್ತದೆಯೇ ಎಂದು ಮೊದಲೇ ವಿಚಾರಿಸಿ, ನಾಲ್ಕೂವರೆಗೆಲ್ಲ ಅಲ್ಲಿರಿ. ನೋಟ್‌ಬುಕ್, ಗಡಿಯಾರ ಜತೆಗಿರಲಿ. ಬೆಳಕು ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿಯವರೆಗೆ ಬಂತೆಂದು ಬರೆದಿಟ್ಟುಕೊಳ್ಳಿ. ಮುಂದಿನ ನವೆಂಬರಿನಲ್ಲಿ ಹೋಲಿಸಲು ಬೇಕಾಗುತ್ತದೆ.