ಕುಂಯ್ ಅನ್ನುವ ಕೋಲು

ಸುರಪುರ ಸೀಮೆಯಲ್ಲಿ ನಿಧಿ ಇಲ್ಲದ ಗುಡ್ಡವಿಲ್ಲ. ಚಹಾದಂಗಡಿಯಲ್ಲಿ ಕೂತ ಯಾರನ್ನಾದರೂ ಕೇಳಿ. 1705ರಲ್ಲಿ ಔರಂಗಜೇಬ ಖುದ್ದು ನಿಂತು ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಿದಾಗ ಅಲ್ಲಿನ ನಾಯಕ ಅರಸರು ಬಿಟ್ಟುಹೋದ ಹಂಡೆ ಒಂದು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕ ಇಂಗ್ಲಿಷರ ಮೇಲೆ ತಿರುಗಿಬಿದ್ದಾಗ ರಾತ್ರೋರಾತ್ರಿ ಹೂತ ಕೊಪ್ಪರಿಗೆ ಇನ್ನೊಂದು. ಎರಡಕ್ಕೂ ಸರ್ಪದ ಕಾವಲು. ಹಂಡೆ ಕಂಡವರಿಲ್ಲ, ಕಂಡವನ ಸೋದರಮಾವನನ್ನು ಬಲ್ಲವರು ಮಾತ್ರ ಓಣಿಗೊಬ್ಬರು ಇದ್ದಾರೆ.

ಹಿಂದೆ ನಿಧಿ ಹುಡುಕಲು ಅಂಜನ, ಅಮಾವಾಸ್ಯೆ, ನಿಂಬೆಹಣ್ಣು ಬೇಕಿತ್ತು. ಈಗ ಆನ್‌ಲೈನಿನಲ್ಲಿ ಮೆಟಲ್ ಡಿಟೆಕ್ಟರ್ ಬರುತ್ತದೆ. ನನ್ನ ಗೆಳೆಯನೊಬ್ಬ ತರಿಸಿದ. ಕೋಟೆಗೋ ಗುಡಿಗೋ ಅದನ್ನು ಹೊತ್ತೊಯ್ದರೆ ಪೊಲೀಸ್ ಠಾಣೆಯ ಬೆಂಚೇ ಗತಿ ಎಂಬಷ್ಟು ತಿಳಿವಳಿಕೆ ಅವನಿಗಿತ್ತು. ಹಾಗಾಗಿ ಬೀಗರ ಹಳೆಯ ಹತ್ತಿ ಜಿನ್ನು ಆರಿಸಿಕೊಂಡ. ಕೀಲಿ ತೆಗೆದುಕೊಟ್ಟ ಬೀಗರು ಅಂದರು: "ಹೊನ್ನ ಸಿಕ್ಕರ ಅರ್ಧ ನಮ್ದು, ಹಾವ್ ಸಿಕ್ಕರ ಪೂರಾ ನಿಮ್ದು."

ಜಿನ್ನು ನಿಂತು ಕಾಲವಾಗಿದೆ. ಯಂತ್ರಗಳು ಯಾವತ್ತೋ ತೂಕಕ್ಕೆ ಹೋಗಿವೆ. ಉಳಿದದ್ದು ಕಲ್ಲಿನ ಗೋಡೆ, ಕಾಂಕ್ರೀಟಿನ ಕಟ್ಟೆ, ತೊಲೆಯ ಸಂದಿಯಲ್ಲಿ ಮಸಿಯಾದ ಅರಳೆಯ ಎಳೆ. ಕಟ್ಟೆಯ ಮೇಲೆ ಯಂತ್ರ ಬಿಗಿದಿದ್ದ ಬೋಲ್ಟುಗಳು ಮುರಿದ ಹಲ್ಲಿನಂತೆ ಎದ್ದಿವೆ. ಅಲ್ಲಿ ತೊಗಲು ಸುತ್ತಿದ ರೋಲರುಗಳು ತಿರುಗುತ್ತ ಅರಳೆಯನ್ನು ಒಂದು ಕಡೆ, ಹತ್ತಿಕಾಳನ್ನು ಇನ್ನೊಂದು ಕಡೆ ಮಾಡುತ್ತಿದ್ದವು. ಆಗ ಅಲ್ಲಿ ಎಲ್ಲರೂ ಅಂಜುತ್ತಿದ್ದದ್ದು ಕಬ್ಬಿಣಕ್ಕೇ. ಹತ್ತಿಯ ಜೊತೆ ಒಂದು ಮೊಳೆ ಒಳಗೆ ಹೋದರೆ ಕಿಡಿ, ಕಿಡಿ ಬಿದ್ದರೆ ಗೋದಾಮೇ ಬೂದಿ. ಆ ಮೊಳೆಗಳನ್ನೇ ಈಗ ನಮ್ಮವನು ಹೆಡ್‌ಫೋನು ಹಾಕಿಕೊಂಡು ಹುಡುಕಲು ಹೊರಟಿದ್ದ.

ಡಿಟೆಕ್ಟರ್ ಕೋಲಿನ ಮರ್ಮ ದೊಡ್ಡದಲ್ಲ. ತುದಿಯ ತಟ್ಟೆಯಲ್ಲಿ ತಂತಿಯ ಸುರುಳಿ. ವಿದ್ಯುತ್ ಹರಿದಾಗ ಕಾಂತಕ್ಷೇತ್ರ. ಕೆಳಗೆ ಲೋಹವಿದ್ದರೆ ಅದರಲ್ಲೂ ಸಣ್ಣ ಪ್ರವಾಹ ಹುಟ್ಟಿ ಮರಳಿ ಸುದ್ದಿ ಕೊಡುತ್ತದೆ. ಟೆಲಿಫೋನಿನ ಗ್ರಹಾಂ ಬೆಲ್ 1881ರಲ್ಲೇ ಇಂಥದೊಂದನ್ನು ಹಿಡಿದು, ಗುಂಡೇಟು ತಿಂದ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡರ ಮೈಯಲ್ಲಿ ಗುಂಡು ಎಲ್ಲಿದೆಯೆಂದು ಹುಡುಕಿದ್ದ. ಸಿಗಲಿಲ್ಲ. ಹಾಸಿಗೆಯೊಳಗಿನ ಉಕ್ಕಿನ ಸ್ಪ್ರಿಂಗುಗಳು ದಾರಿ ತಪ್ಪಿಸಿದವು ಎನ್ನುತ್ತಾರೆ. ಜಿನ್ನಿನ ಅಂಗಳವೂ ಅಂಥದೇ ಹಾಸಿಗೆ. ಹೆಜ್ಜೆಗೊಮ್ಮೆ ಕುಂಯ್! ಅಗೆದರೆ ಹತ್ತಿಯ ಅಂಡಿಗೆ ಬಿಗಿಯುವ ಪಟ್ಟಿಯ ತುಂಡು, ಮೊಳೆ, ಎತ್ತಿನ ಲಾಳ. ಒಂದೇ ಒಂದು ಸಲ ತಾಮ್ರದ ಬಣ್ಣ ಕಂಡಿತು: ನಡುವೆ ತೂತಿರುವ, ನಲವತ್ತರ ದಶಕದ ಒಂದು ಪೈಸೆ. ನಮ್ಮವನು ಕುಣಿದಾಡಿಬಿಟ್ಟ. ಪಾಪ, ಅದು ಬೋಲ್ಟಿನ ಜೊತೆಯಲ್ಲೇ ಎದ್ದು ಬಂದಿತ್ತು; ಯಾವನೋ ಮಿಸ್ತ್ರಿ ವಾಷರಿನ ಬದಲು ಹಾಕಿ ಬಿಗಿದಿದ್ದ.

ಕಬ್ಬಿಣದ ಕಾಟ ತಾಳದೆ ಅವನು ಒಂದು ಗುಂಡಿ ಒತ್ತಿದ. ಆಮೇಲೆ ಯಂತ್ರ ಕಬ್ಬಿಣಕ್ಕೆ ಕಿವುಡು. ನನಗೆ ನೆನಪಾದದ್ದು ಮೆಡೋಸ್ ಟೇಲರ್. 1841ರಿಂದ 1853ರವರೆಗೆ ಸುರಪುರದಲ್ಲಿದ್ದ, ಇವತ್ತಿಗೂ ಗುಡ್ಡದ ಮೇಲಿರುವ ಟೇಲರ್ ಮಂಜಿಲ್ ಎಂಬ ಬಂಗಲೆ ಬಿಟ್ಟುಹೋದ ಆ ಇಂಗ್ಲಿಷ್ ಸಾಹೇಬ, ಜೇವರ್ಗಿ ಕಡೆಯ ಪ್ರಾಚೀನ ಕಲ್ಲುಗೋರಿಗಳನ್ನು ಅಗೆಸಿದ. ಸಿಕ್ಕದ್ದು ಎಲುಬು, ಮಡಕೆ, ತುಕ್ಕು ಹಿಡಿದ ಕಬ್ಬಿಣ. ರಾಜನ ಕೊಳ್ಳೂರಿನ ಕಲ್ಲುಮನೆಗಳನ್ನೂ ಅವನು ಬರೆದಿಟ್ಟ. ಅವನ ಕೈಯಲ್ಲಿ ಈ ಕೋಲಿದ್ದು, ಈ ಗುಂಡಿ ಒತ್ತಿದ್ದರೆ ಸದ್ದಿಲ್ಲದೆ ದಾಟಿಹೋಗುತ್ತಿದ್ದ.

ಇನ್ನು ಕಲ್ಲಿನ ಕಥೆ ಕೇಳಲೇಬೇಡಿ. ಹುಣಸಗಿ ಹತ್ತಿರದ ಇಸಾಂಪುರದಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯ ಅಗೆದು ತೆಗೆದ ಕೈಗೊಡಲಿಗಳಿಗೆ ಸುಮಾರು 12 ಲಕ್ಷ ವರ್ಷ ಎಂದು ಲೆಕ್ಕ ಹಾಕಿದ್ದಾರೆ. ಯಾವ ಡಿಟೆಕ್ಟರೂ ಅವಕ್ಕೆ ಕುಂಯ್ ಅನ್ನುವುದಿಲ್ಲ. ಪಕ್ಕದ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಬಂಗಾರದ ಅದಿರು ಹುಡುಕುತ್ತ ಗುಡ್ಡ ಹತ್ತಿದ. ಸಿಕ್ಕದ್ದು ಅಶೋಕನ ಹೆಸರನ್ನೇ ಕೆತ್ತಿದ ಬಂಡೆ. ಬಂಗಾರದವನ ಕಣ್ಣಿಗೆ ಬಂಡೆ ಬಿದ್ದದ್ದು ನಮ್ಮ ಪುಣ್ಯ. ಇದನ್ನೆಲ್ಲ ಹೇಳಿದೆ. ಗೆಳೆಯ ಹೆಡ್‌ಫೋನಿನ ಒಂದು ಕಿವಿ ಸರಿಸಿ, "ಆ ಬಂಡೆ ಮಾರಿದ್ರೇನೋ?" ಅಂದ.

ಸಂಜೆಗೆ ಗುಜರಿಯವನು ಬಂದ. ಪಟ್ಟಿ, ಮೊಳೆ, ಲಾಳ ಎಲ್ಲ ತಕ್ಕಡಿ ಏರಿದವು. ಯಂತ್ರದ ಬ್ಯಾಟರಿ ಖರ್ಚಿಗೂ ಸಾಲದಷ್ಟು ದುಡ್ಡು ಎಣಿಸಿಕೊಟ್ಟ. ಹೋಗುವಾಗ ಗೋಡೆಗೆ ಆನಿಸಿದ್ದ ಕೋಲನ್ನು ಎತ್ತಿ, ತೂಗಿ ನೋಡುವವನಂತೆ ಕೈಯಲ್ಲಿ ಆಡಿಸಿ ಕೇಳಿದ: "ಅಣ್ಣಾರ, ಇದನ್ನೂ ಕಬ್ಬಿಣದ ರೇಟಿಗೇ ಹಾಕ್ಲೇನ್ರಿ, ಇಲ್ಲಾ ಪ್ಲಾಸ್ಟಿಕ್‌ದಾಗ ತಗೊಳ್ಲಿ?"