ತುಂಬುಮೈಗೆ ಒಪ್ಪುವ ಕತ್ತರಿ

ಅಂಗಡಿಯ ಕನ್ನಡಿಯ ಮುಂದೆ ಕೈ ಇಳಿಬಿಟ್ಟು ನಿಂತಾಗ ಚೆನ್ನಾಗಿ ಕೂತಂತೆ ಕಾಣುವ ಕುರ್ತಾ, ಮನೆಯಲ್ಲಿ ಅಟ್ಟದ ಮೇಲಿನ ಡಬ್ಬಿಗೆ ಕೈ ಚಾಚಿದೊಡನೆ ಇಡಿಯಾಗಿ ಮೇಲಕ್ಕೆ ಸರಿದು, ಕೈ ಇಳಿಸಿದ ಮೇಲೂ ಎದೆಯ ಮೇಲೆ ಸುಕ್ಕುಗಟ್ಟಿ ನಿಂತುಬಿಡುವುದು ತುಂಬುಮೈಯ ಹೆಂಗಸರಿಗೆ ತೀರ ಪರಿಚಿತವಾದ ಕಿರಿಕಿರಿ. ತುಂಬುಮೈ ಎಂದರೆ ಇಲ್ಲಿ ಎದೆಯೂ ನಿತಂಬವೂ ತುಂಬಿಕೊಂಡಿದ್ದು, ಭುಜವೂ ಸೊಂಟವೂ ಆ ಪ್ರಮಾಣಕ್ಕೆ ಹಿಗ್ಗದ ಮೈಕಟ್ಟು. ಅದು ತೆಳ್ಳಗಿನವರಲ್ಲೂ ಇರಬಹುದು, ದಪ್ಪಗಿನವರಲ್ಲೂ ಇರಬಹುದು. ಇಂಥ ಮೈಯವರು ಎದೆಗೆ ಸರಿಹೋಗುವ ಅಳತೆಯ ಸಿದ್ಧ ಉಡುಪನ್ನು ಕೊಂಡರೆ ಭುಜದ ಹೊಲಿಗೆ ತೋಳಿನ ಮೇಲೆ ಜಾರುತ್ತದೆ, ಭುಜಕ್ಕೆ ಸರಿಹೋಗುವುದನ್ನು ಕೊಂಡರೆ ಎದೆಯ ಮೇಲಿನ ಗುಂಡಿಗಳ ನಡುವೆ ಬಟ್ಟೆ ಬಾಯಿ ಬಿಡುತ್ತದೆ. ಎರಡರಲ್ಲೊಂದನ್ನು ಸಹಿಸಿಕೊಳ್ಳುವುದೇ ಗತಿ ಎಂದು ಬಹುಮಂದಿ ನಂಬಿರುವುದು ಹೊಲಿಗೆಯ ವಿದ್ಯೆಗೆ ಆಗಿರುವ ಅನ್ಯಾಯ. ಏಕೆಂದರೆ ಈ ತೊಡಕಿಗೆ ಪರಿಹಾರ ಬಹಳ ಹಿಂದಿನಿಂದಲೂ ಕತ್ತರಿಯ ತುದಿಯಲ್ಲಿಯೇ ಇದೆ.

ತೊಡಕಿನ ಮೂಲವಿರುವುದು ಗ್ರೇಡಿಂಗ್ ಎಂಬ ಪದ್ಧತಿಯಲ್ಲಿ. ಕಾರ್ಖಾನೆಯವರು ನಡುಗಾತ್ರದ ಒಂದು ಮಾದರಿ ಮೈಗೆ ಕಾಗದದ ನಕ್ಷೆಯನ್ನು ಬರೆದುಕೊಂಡು, ಉಳಿದ ಗಾತ್ರಗಳನ್ನು ಅದರಿಂದಲೇ ನಿಗದಿತ ಪ್ರಮಾಣದಲ್ಲಿ ಹಿಗ್ಗಿಸಿಯೋ ಕುಗ್ಗಿಸಿಯೋ ಪಡೆಯುವುದಕ್ಕೆ ಈ ಹೆಸರು. ಎದೆಯ ಸುತ್ತಳತೆ ನಾಲ್ಕು ಇಂಚು ಹೆಚ್ಚಾದಾಗ ಭುಜ, ಕುತ್ತಿಗೆ, ತೋಳು ಎಲ್ಲವೂ ತಮ್ಮ ಪಾಲಿನಷ್ಟು ಹೆಚ್ಚುತ್ತವೆ ಎಂಬ ಊಹೆ ಅದರ ಅಡಿಪಾಯ. ಆದರೆ ಭುಜದ ಅಗಲವನ್ನು ನಿರ್ಧರಿಸುವುದು ಮೂಳೆ, ಎದೆಯ ತುಂಬುವಿಕೆಗೂ ಅದಕ್ಕೂ ನೇರ ಸಂಬಂಧವಿಲ್ಲ. ಅಮೆರಿಕದ ಕೃಷಿ ಇಲಾಖೆಯ ಪರವಾಗಿ ರೂತ್ ಒಬ್ರಿಯನ್ ಮತ್ತು ವಿಲಿಯಂ ಶೆಲ್ಟನ್ ಸುಮಾರು 15,000 ಹೆಂಗಸರ ಮೈಯಲ್ಲಿ ತಲಾ 59 ಅಳತೆಗಳನ್ನು ತೆಗೆಸಿ 1941ರಲ್ಲಿ ಪ್ರಕಟಿಸಿದ ಅಧ್ಯಯನವೇ, ಉಡುಪಿನ ಗಾತ್ರವನ್ನು ನಿಗದಿಮಾಡಲು ಎದೆಯ ಸುತ್ತಳತೆಯೊಂದನ್ನೇ ನೆಚ್ಚದೆ ಎತ್ತರವನ್ನೂ ತೂಕವನ್ನೂ ಕೂಡಿಸಿ ನೋಡುವುದು ಲೇಸೆಂಬ ಕಡೆಗೆ ಒಲಿದಿತ್ತು. ಅದನ್ನು ಆಧರಿಸಿ 1958ರಲ್ಲಿ ಹೊರಟ ಅಲ್ಲಿಯ ಗಾತ್ರಮಾನಕ 1983ರಲ್ಲಿ ಹಿಂತೆಗೆಯಲ್ಪಟ್ಟಿತು. ಭಾರತದಲ್ಲಿ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯು ಆರು ನಗರಗಳ 25,000 ಜನರ ಮೈಯಳತೆಯನ್ನು ಸ್ಕ್ಯಾನರ್‌ಗಳಿಂದ ತೆಗೆಯುವ ಯೋಜನೆಯನ್ನು ಕೈಗೊಂಡಿರುವುದು ಸ್ವಾಗತಾರ್ಹವೇ ಸರಿ. ಆದರೂ ಎಷ್ಟು ಸೊಗಸಾದ ಕೋಷ್ಟಕ ಬಂದರೂ ಅದು ಹೇಳುವುದು ಸರಾಸರಿಯನ್ನೇ ಹೊರತು ಬಟ್ಟೆ ತೊಡುವ ಒಬ್ಬಾಕೆಯ ಮೈಯನ್ನಲ್ಲ.

ಮನೆಯಲ್ಲಿ ಹೊಲಿದುಕೊಳ್ಳುವವರಿಗೆ ಈ ಬಂಧನವಿಲ್ಲ. ಅವರು ಒಂದರ ಬದಲು ಎರಡು ಎದೆಯಳತೆಗಳನ್ನು ತೆಗೆಯಬೇಕು: ಟೇಪನ್ನು ಕಂಕುಳಿನ ಕೆಳಗಿನಿಂದ ಹಾಯಿಸಿ ಸ್ತನಗಳ ಮೇಲ್ಭಾಗದಲ್ಲಿ ಸುತ್ತಿ ತೆಗೆಯುವ ಮೇಲೆದೆಯ ಅಳತೆ ಒಂದು, ತುಂಬಿದ ಭಾಗದ ಮೇಲೆ ತೆಗೆಯುವ ಪೂರ್ಣ ಎದೆಯ ಅಳತೆ ಇನ್ನೊಂದು. ಸಾಮಾನ್ಯ ನಕ್ಷೆಗಳು ಇವೆರಡರ ನಡುವೆ ಎರಡು ಇಂಚಿನ ಅಂತರವಿದೆಯೆಂದು ಭಾವಿಸಿರುತ್ತವೆ. ಮೇಲೆದೆ 36 ಇಂಚು, ಪೂರ್ಣ ಎದೆ 40 ಇಂಚು ಇರುವಾಕೆಗೆ ಅಂತರ ನಾಲ್ಕು ಇಂಚು. ಅಂದರೆ ನಕ್ಷೆಗೆ ಎರಡು ಇಂಚು ಸೇರಿಸಬೇಕು, ಅಷ್ಟನ್ನೂ ಮುಂಭಾಗಕ್ಕೇ ಸೇರಿಸಬೇಕು, ಬೆನ್ನಿನ ತುಂಡನ್ನು ಮುಟ್ಟಲೇಬಾರದು. ಮೇಲೆದೆಯ ಅಳತೆಯಿಂದ ನಕ್ಷೆಯ ಗಾತ್ರವನ್ನು ಆರಿಸಿದರೆ ಭುಜ, ಕುತ್ತಿಗೆ, ಬೆನ್ನು ಮೂರೂ ತಾವಾಗಿಯೇ ಸರಿಹೋಗುತ್ತವೆ. ಬಳಿಕ ಮಡಿಕೆಯ ಮೇಲಿಟ್ಟ ಅರ್ಧ ಮುಂಭಾಗದ ಕಾಗದವನ್ನು ಟಕ್ಸ್ ಪಾಯಿಂಟಿನಿಂದ, ಎಂದರೆ ಸ್ತನದ ಅತಿ ಎತ್ತರದ ಬಿಂದುವಿನಿಂದ, ಕಂಕುಳ ಸುತ್ತಿನವರೆಗೂ ಮಗ್ಗುಲಿನವರೆಗೂ ಕೆಳ ಅಂಚಿನವರೆಗೂ ಕತ್ತರಿಸಿ ಒಂದು ಇಂಚು ತೆರೆದರೆ, ಅಗಲದ ಜೊತೆಗೆ ಉದ್ದವೂ ಬೇಕಾದಲ್ಲಿಯೇ ಹೆಚ್ಚುತ್ತದೆ. ಈ ಉದ್ದದ ಮಾತನ್ನು ಮರೆಯುವವರೇ ಹೆಚ್ಚು. ದಿಬ್ಬವನ್ನು ಹತ್ತಿಳಿಯುವ ದಾರಿ ಬಯಲಿನ ದಾರಿಗಿಂತ ಉದ್ದವಾಗಿರುವಂತೆ, ತುಂಬಿದ ಎದೆಯನ್ನು ಹಾಯ್ದು ಇಳಿಯುವ ಬಟ್ಟೆಗೂ ಹೆಚ್ಚು ಉದ್ದ ಬೇಕು. ಅದನ್ನು ಕೊಡದಿದ್ದರೆ ಕುರ್ತಾದ ಮುಂದಿನ ಅಂಚು ಹಿಂದಿನದಕ್ಕಿಂತ ಮೇಲಕ್ಕೆದ್ದು ನಿಲ್ಲುತ್ತದೆ.

ಇಷ್ಟು ಸರಳವಾದ ಕೆಲಸವನ್ನು ಮಾಡದೆ, ಬೇಕಾದ ಎರಡು ಇಂಚನ್ನು ಮಗ್ಗುಲ ಹೊಲಿಗೆಗಳಲ್ಲಿ ಹಿಂದೆ ಮುಂದೆ ಸಮನಾಗಿ ಹಂಚಿಬಿಡುವ ರೂಢಿ ಹೊಲಿಗೆ ಕಲಿಸುವವರಲ್ಲಿಯೂ ಬೇರುಬಿಟ್ಟಿದೆ. ಇದರಿಂದ ಬೆನ್ನಿನಲ್ಲಿ ಬೇಡದ ಬಟ್ಟೆ ಜೋಲುತ್ತದೆ, ಎದೆಯಲ್ಲಿ ಬಿಗಿತ ಹಾಗೆಯೇ ಉಳಿಯುತ್ತದೆ, ತೊಟ್ಟವಳು ತನ್ನ ಮೈಯದೇ ದೋಷವೆಂದು ತಿಳಿಯುತ್ತಾಳೆ. ಅಳತೆ ರವಿಕೆಯೆಂದು ಹಳೆಯ ರವಿಕೆಯೊಂದನ್ನು ಕೇಳಿ ಪಡೆದು, ಅದರ ಮೇಲೆಯೇ ಹೊಸ ಬಟ್ಟೆಯನ್ನಿಟ್ಟು ಗೆರೆ ಎಳೆಯುವ ಪದ್ಧತಿ ಇನ್ನೂ ಕೆಟ್ಟದ್ದು. ಹಳೆಯ ರವಿಕೆಯಲ್ಲಿದ್ದ ತಪ್ಪು ಹೊಸದಕ್ಕೂ ಇಳಿಯುತ್ತದೆ, ಹೊಸದು ಮುಂದೆ ಅಳತೆಗೆ ಹೋದಾಗ ಮತ್ತೊಂದಕ್ಕೆ ಇಳಿಯುತ್ತದೆ. ಮದುವೆಯ ವರ್ಷ ಹೊಲಿಸಿದ ರವಿಕೆಯ ಟಕ್ಸ್ ಪಾಯಿಂಟ್ ಎರಡು ಹೆರಿಗೆಗಳ ತರುವಾಯವೂ ಅದೇ ಎತ್ತರದಲ್ಲಿರುತ್ತದೆ. ಭುಜದ ಮೇಲಿನಿಂದ ಆ ಬಿಂದುವಿಗಿರುವ ದೂರ ವಯಸ್ಸಿನೊಂದಿಗೆ ಬದಲಾಗುತ್ತದೆ, ಒಳಗೆ ಯಾವ ಬ್ರಾ ತೊಟ್ಟಿದ್ದಾರೆ ಎಂಬುದನ್ನು ಅವಲಂಬಿಸಿಯೂ ಬದಲಾಗುತ್ತದೆ. ಅದನ್ನು ಪ್ರತಿ ಸಲ ಹೊಸದಾಗಿ ಅಳೆಯಲು ಬೇಕಾಗುವುದು ಅರ್ಧ ನಿಮಿಷ. ಆ ಅರ್ಧ ನಿಮಿಷವನ್ನು ಕೊಡಲಾರದವರು ಫಿಟ್ಟಿಂಗ್ ಎಂಬ ಮಾತನ್ನು ತಮ್ಮ ಫಲಕದ ಮೇಲೆ ಬರೆಸಿಕೊಳ್ಳಬಾರದು.

ಆದರೆ ಉಡುಪಿನ ಹಿತವನ್ನು ನಿರ್ಧರಿಸುವ ಜಾಗ ಎದೆಗಿಂತಲೂ ಹೆಚ್ಚಾಗಿ ಕಂಕುಳು, ಅತಿ ದೊಡ್ಡ ತಪ್ಪುಗಳು ನಡೆಯುವುದೂ ಅಲ್ಲಿಯೇ. ಮೈ ತುಂಬಿದವರಿಗೆ ಕಂಕುಳ ಸುತ್ತನ್ನು, ಎಂದರೆ ತೋಳು ಕೂಡಿಕೊಳ್ಳುವ ಆ ತೆರಪನ್ನು, ಆಳವಾಗಿ ತೆಗೆದರೆ ಆರಾಮವಾಗಿರುತ್ತದೆ ಎಂಬುದು ಎಲ್ಲೆಡೆ ಕೇಳಿಬರುವ ಮಾತು. ಅದು ನಿಂತ ಮೈಗೆ ಮಾತ್ರ ನಿಜ. ತೋಳು ತಿರುಗುವುದು ಭುಜದ ಕೀಲಿನಲ್ಲಿ. ಕಂಕುಳ ಹೊಲಿಗೆ ಆ ಕೀಲಿಗೆ ಹತ್ತಿರವಾಗಿದ್ದಷ್ಟೂ ತೋಳು ಮೇಲೇಳುವಾಗ ಉಡುಪಿನ ಉಳಿದ ಭಾಗ ಇದ್ದಲ್ಲಿಯೇ ಇರುತ್ತದೆ. ಹೊಲಿಗೆಯನ್ನು ಮೂರು ಇಂಚು ಕೆಳಗಿಳಿಸಿದರೆ ತೋಳಿನ ಬಟ್ಟೆ ಮಗ್ಗುಲಿಗೆ ಕಟ್ಟುಬಿದ್ದಂತಾಗಿ, ಕೈ ಎತ್ತಿದಾಗಲೆಲ್ಲ ಮಗ್ಗುಲನ್ನೂ ಅದರೊಂದಿಗೆ ಇಡೀ ಕುರ್ತಾವನ್ನೂ ಎಳೆದೊಯ್ಯುತ್ತದೆ. ನಿತ್ಯ ಬಟ್ಟೆ ಒಣಹಾಕುವ, ಬಸ್ಸಿನಲ್ಲಿ ಮೇಲಿನ ಸರಳು ಹಿಡಿಯುವ, ಹಲಗೆಯ ಮೇಲೆ ಬರೆದು ಪಾಠ ಹೇಳುವ ಹೆಂಗಸಿಗೆ ಈ ಆಳವಾದ ಕಂಕುಳು ಆರಾಮವಲ್ಲ, ದಿನವಿಡೀ ನಡೆಯುವ ಜಗ್ಗಾಟ. ತೋಳಿನ ತಲೆಯ ಎತ್ತರವೂ ಇಲ್ಲಿ ಮುಖ್ಯ. ತೋಳಿನ ಮೇಲ್ಭಾಗದ ಗುಂಡನೆಯ ಏರನ್ನು ತೋಳಿನ ತಲೆ ಎನ್ನುತ್ತಾರೆ; ಅದು ಎತ್ತರವಾಗಿಯೂ ಕಿರಿದಾಗಿಯೂ ಇದ್ದರೆ ಇಳಿಬಿಟ್ಟ ಕೈಯ ಮೇಲೆ ಸುಕ್ಕಿಲ್ಲದೆ ನಿಲ್ಲುತ್ತದೆ, ತಗ್ಗಾಗಿ ಅಗಲವಾಗಿದ್ದರೆ ಕೆಲಸ ಮಾಡುವ ಕೈಗೆ ಜಾಗ ಕೊಡುತ್ತದೆ. ನಿತ್ಯದ ಉಡುಪಿನಲ್ಲಿ ಎರಡನೆಯದನ್ನೇ ಆರಿಸಬೇಕು. ಕೈ ಇಳಿಬಿಟ್ಟಾಗ ಕಂಕುಳ ಬಳಿ ಕಾಣುವ ಎರಡು ಮಡಿಕೆಗಳನ್ನು ದೋಷವೆಂದು ಎಣಿಸುವವರು ಉಡುಪನ್ನು ಗೊಂಬೆಗೆ ಹೊಲಿಯಲಿ.

ಹಳೆಯ ಕಾಲದ ಕುರ್ತಾ ಹೊಲಿಯುವವರು ಇದೇ ಸಮಸ್ಯೆಯನ್ನು ವಕ್ರರೇಖೆಗಳ ಗೊಡವೆಯಿಲ್ಲದೆ ಬಿಡಿಸಿದ್ದರು. ಅವರ ಕುರ್ತಾದಲ್ಲಿ ಮೈಯ ಭಾಗವೂ ತೋಳೂ ಉದ್ದನೆಯ ಆಯತಗಳು, ಕೆಳಗಿನ ಹರವಿಗೆ ಕಲಿ ಎಂಬ ತ್ರಿಕೋನದ ತುಂಡುಗಳು, ತೋಳೂ ಮಗ್ಗುಲೂ ಕೂಡುವ ಕಂಕುಳಿನ ಮೂಲೆಯಲ್ಲಿ ಮಾತ್ರ ಒಂದು ಪುಟ್ಟ ಚೌಕ. ಆ ಚೌಕವನ್ನು ಮೂಲೆ ಮೇಲಾಗಿ ಕೂರಿಸುವುದರಲ್ಲಿ ಅದರ ಗುಟ್ಟಿದೆ. ನೇಯ್ದ ಬಟ್ಟೆ ಹಾಸಿನ ಉದ್ದಕ್ಕೂ ಹೊಕ್ಕಿನ ಅಡ್ಡಕ್ಕೂ ಹೆಚ್ಚು ಹಿಗ್ಗುವುದಿಲ್ಲ, ಆದರೆ ಇವೆರಡಕ್ಕೂ 45 ಡಿಗ್ರಿಯ ಓರೆಯಲ್ಲಿ ಎಳೆದರೆ ನೂಲುಗಳು ಕತ್ತರಿಯಂತೆ ವಾಲಿ ಬಟ್ಟೆ ಹಿಗ್ಗುತ್ತದೆ. ಓರೆಯಾಗಿ ಕೂತ ಚೌಕಕ್ಕೆ ಕೈ ಎತ್ತಿದಾಗಿನ ಎಳೆತ ಸರಿಯಾಗಿ ಈ ದಿಕ್ಕಿನಲ್ಲಿಯೇ ಬೀಳುವುದರಿಂದ, ಅಂಗೈಯಗಲದ ಹತ್ತಿಯ ತುಂಡು ಕೈಗೆ ಬೇಕಾದಷ್ಟು ಬಿಡುವು ಕೊಟ್ಟು, ಕೈ ಇಳಿಸಿದೊಡನೆ ಮಡಿಸಿಕೊಂಡು ಮರೆಯಾಗುತ್ತದೆ. ಓರೆ ಕತ್ತರಿಕೆಯ ಕೀರ್ತಿಯನ್ನು 1920ರ ದಶಕದ ಪ್ಯಾರಿಸ್ಸಿನ ಮಡಲೆನ್ ವಿಯೊನೆಯವರಿಗೆ ಕೊಡುವುದು ವಾಡಿಕೆ, ಇಡೀ ನಿಲುವಂಗಿಯನ್ನೇ ಓರೆಯಲ್ಲಿ ಕತ್ತರಿಸಿದ ಅವರ ಧೈರ್ಯ ದೊಡ್ಡದೂ ಹೌದು. ಆದರೆ ಓರೆಯ ಹಿಗ್ಗನ್ನು ಅಗತ್ಯವಿದ್ದಷ್ಟೇ ಜಾಗದಲ್ಲಿ, ಬಟ್ಟೆಯ ಒಂದು ಚೂರೂ ಹಾಳಾಗದಂತೆ ಬಳಸಿಕೊಂಡ ಹೆಸರಿಲ್ಲದ ದರ್ಜಿಗಳ ಜಾಣ್ಮೆಯನ್ನು ಅದಕ್ಕೆ ಕಡಿಮೆಯೆಂದು ಹೇಳಲಾಗದು. ನಮ್ಮ ಕ್ರಾಸ್ ಕಟ್ ರವಿಕೆ, ಎಂದರೆ ಮುಂಭಾಗವನ್ನು ಓರೆಯಲ್ಲಿಟ್ಟು ಕತ್ತರಿಸುವ ರವಿಕೆ, ಇದೇ ತತ್ತ್ವದಿಂದ ಎದೆಯ ಮೇಲೆ ಮೃದುವಾಗಿ ಕೂರುತ್ತದೆ.

ಉತ್ತರ ಕರ್ನಾಟಕದ ಖಣದ ಕುಬಸವನ್ನು ಈ ದೃಷ್ಟಿಯಿಂದ ಮತ್ತೆ ನೋಡುವುದು ಅಗತ್ಯ. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಲ್ಲಿ ನೇಯುವ ಖಣವೆಂಬ ರವಿಕೆ ಬಟ್ಟೆಯ ಅಂಚು, ಬಣ್ಣ, ಚಿತ್ತಾರಗಳನ್ನು ಹೊಗಳುವವರು ಬಹಳ. ಅದರಿಂದ ಹೊಲಿಯುತ್ತಿದ್ದ ಗಂಟು ಕುಬಸದ ರಚನೆಯನ್ನು ಗಮನಿಸಿದವರು ಕಡಿಮೆ. ಅದರ ಎರಡು ಮುಂಭಾಗಗಳ ತುದಿಗಳನ್ನು ಸ್ತನಗಳ ಕೆಳಗೆ ಗಂಟು ಹಾಕಿ ತೊಡುತ್ತಿದ್ದರು. ಗಂಟನ್ನು ಬಿಗಿಮಾಡುವುದೂ ಸಡಿಲಿಸುವುದೂ ತೊಟ್ಟವಳ ಕೈಯಲ್ಲಿತ್ತು. ತಿಂಗಳ ಆ ಕೆಲವು ದಿನಗಳಲ್ಲಿ ಎದೆ ಬಿಗಿದಾಗ, ಬಸುರಿನಲ್ಲಿ, ಹಾಲೂಡಿಸುವ ಕಾಲದಲ್ಲಿ ಅದೇ ಕುಬಸ ಅವಳ ಮೈಯೊಂದಿಗೆ ಹೊಂದಿಕೊಳ್ಳುತ್ತಿತ್ತು. ಬಸುರಿ ಹೆಣ್ಣಿಗೆ ತವರಿನವರು ಹೊಸ ಸೀರೆ ಕುಬಸ ತೊಡಿಸುವ ಕಾರ್ಯ ಆ ಭಾಗದಲ್ಲಿ ಇಂದಿಗೂ ಸಂಭ್ರಮದಿಂದ ನಡೆಯುತ್ತದೆ. ಗಂಟಿನ ಜಾಗಕ್ಕೆ ಹುಕ್ಕುಗಳ ಸಾಲು ಬಂದ ಮೇಲೆ ರವಿಕೆ ಒಂದೇ ಅಳತೆಯಲ್ಲಿ ನಿಂತುಹೋಯಿತು, ಮೈ ಮಾತ್ರ ನಿಲ್ಲಲಿಲ್ಲ. ಮುಂದೆ ಗಂಟಿರುವ ಹತ್ತಿಯ ರವಿಕೆಯನ್ನು ಇಂದಿನ ನಿತ್ಯದ ಉಡುಪಾಗಿ ಮರಳಿ ತರಬಾರದೇಕೆ ಎಂಬುದಕ್ಕೆ ಒಪ್ಪುವಂಥ ಕಾರಣವನ್ನು ಯಾರೂ ಕೊಟ್ಟಿಲ್ಲ.

ಸೊಂಟದ ಕೆಳಗಿನ ಮಾತು ಇಷ್ಟು ಜಟಿಲವಲ್ಲ. ನಿತಂಬದ ಅಳತೆಯನ್ನು ಕುಳಿತಾಗಲೂ ತೆಗೆಯಬೇಕು, ಏಕೆಂದರೆ ಕುಳಿತ ಮೈ ನಿಂತ ಮೈಗಿಂತ ಹರಡಿಕೊಳ್ಳುತ್ತದೆ; ಕುರ್ತಾದ ಸೈಡ್ ಕಟ್ ನಿತಂಬದ ಅತಿ ಅಗಲವಾದ ಜಾಗಕ್ಕಿಂತ ತುಸು ಮೇಲೆಯೇ ಆರಂಭವಾಗಬೇಕು. ಬಟ್ಟೆಯ ವಿಷಯದಲ್ಲಿ, ಹಾಸೂ ಹೊಕ್ಕೂ ಎರಡೆಳೆಯ ಹುರಿನೂಲಿನಿಂದಾದ ಟೂ ಬೈ ಟೂ ರುಬಿಯಾ ರವಿಕೆಗೆ ಉತ್ತಮ, ಕುರ್ತಾಗೆ ನೆನೆಸಿ ಒಣಗಿಸಿದ ಕೇಂಬ್ರಿಕ್ ಸಾಕು.

ಸೀರೆಯ ಒಳಲಂಗಕ್ಕೆ ಮಾತ್ರ ಪ್ರತ್ಯೇಕವಾಗಿ ನಿಲ್ಲಬೇಕಾಗುತ್ತದೆ. ಸೀರೆ ಹೊಲಿಗೆಯಿಲ್ಲದ ಉಡುಪಾದ್ದರಿಂದ ಎಲ್ಲ ಮೈಗೂ ಒಪ್ಪುತ್ತದೆ ಎಂಬ ಹೊಗಳಿಕೆ ನಿಜವಾದರೂ, ಅದರ ಇಡೀ ಭಾರವನ್ನು ಹೊರುವುದು ಲಂಗದ ಕಿರುಬೆರಳಿಗಿಂತ ಸಪೂರವಾದ ಲಾಡಿ. ಸೊಂಟ ಒಳಸರಿದು ನಿತಂಬ ತುಂಬಿರುವವರಲ್ಲಿ ಆ ಲಾಡಿ ಒಂದೇ ಗೆರೆಯಲ್ಲಿ ಕೂತು, ಬೆವರಿನೊಂದಿಗೆ ಉಜ್ಜಿ, ಚರ್ಮವನ್ನು ಕಪ್ಪಾಗಿಸುತ್ತದೆ. ಸೊಂಟಕ್ಕೆ ಬಿಗಿಯಾಗಿ ಕಟ್ಟಿದ ಉಡುಪಿನ ಹತ್ತಾರು ವರ್ಷಗಳ ಇಂಥ ಉಜ್ಜುವಿಕೆಯಿಂದ ಮಾಯದ ಹುಣ್ಣಾಗಿ, ಅಪರೂಪಕ್ಕೆ ಅದು ಚರ್ಮದ ಕ್ಯಾನ್ಸರಿಗೆ ತಿರುಗಿದ ಎರಡು ಪ್ರಕರಣಗಳನ್ನು ಭಾರತದ ವೈದ್ಯರು 2024ರಲ್ಲಿ ಬ್ರಿಟನ್ನಿನ ವೈದ್ಯಕೀಯ ನಿಯತಕಾಲಿಕೆಯೊಂದರಲ್ಲಿ ವರದಿಮಾಡಿದ್ದಾರೆ. ಲಂಗಕ್ಕೆ ಮೂರು ಇಂಚಿನ ಅಗಲ ಪಟ್ಟಿ ಇಟ್ಟು, ಲಾಡಿಯ ಬದಲು ಮಗ್ಗುಲಲ್ಲಿ ಎರಡು ಸಾಲು ಹುಕ್ಕು ಹಾಕಿದರೆ ಭಾರ ಹರಡಿಕೊಳ್ಳುತ್ತದೆ. ಇಷ್ಟು ಚಿಕ್ಕ ಬದಲಾವಣೆಯನ್ನು ಸಿದ್ಧ ಲಂಗಗಳ ತಯಾರಕರು ಇಷ್ಟು ದಶಕಗಳಾದರೂ ಮಾಡದಿರುವುದು, ನೋವನ್ನು ಹೆಣ್ಣುಡುಗೆಯ ಸಹಜ ಭಾಗವೆಂದು ಅವರು ಒಪ್ಪಿಕೊಂಡಿರುವುದರ ಗುರುತು. ಅದಕ್ಕೆ ಸಿಟ್ಟಾಗದಿರುವುದು ಕಷ್ಟ.

ಸಿದ್ಧ ಕುರ್ತಾಗಳ ಮೇಲಿನ ದೊಡ್ಡ ತಕರಾರೂ ಇದೇ ಬಗೆಯದು. ಮೊದಲಿನ ದರ್ಜಿಗಳು ಮಗ್ಗುಲಲ್ಲಿ ಒಂದೂವರೆ ಇಂಚಿನವರೆಗೆ ಮಾರ್ಜಿನ್ ಬಿಟ್ಟು, ಅಂದರೆ ಹೊಲಿಗೆಯ ಆಚೆ ಬಟ್ಟೆಯನ್ನು ಉಳಿಸಿ, ಮೂರು ನಾಲ್ಕು ಸಾಲು ಹೊಲಿಗೆ ಹಾಕಿಕೊಡುತ್ತಿದ್ದರು. ಮೈ ತುಂಬಿದಂತೆ ಒಂದೊಂದೇ ಸಾಲನ್ನು ಬಿಚ್ಚಿಕೊಳ್ಳಬಹುದಿತ್ತು. ಓವರ್‌ಲಾಕ್ ಯಂತ್ರ ಅಂಚನ್ನು ಹೆಣೆಯುತ್ತಲೇ ಉಳಿದ ಬಟ್ಟೆಯನ್ನು ಕತ್ತರಿಸಿಬಿಡುವುದರಿಂದ ಸಿದ್ಧ ಉಡುಪಿನಲ್ಲಿ ಉಳಿಯುವುದು ಅರ್ಧ ಇಂಚೂ ಇಲ್ಲ, ಬಿಚ್ಚಿದರೆ ಹರಿಯುತ್ತದೆ. ಆದ್ದರಿಂದ ಕೊಳ್ಳುವವರು ಬಣ್ಣ ನೋಡುವುದಕ್ಕೆ ಮೊದಲು ಕುರ್ತಾವನ್ನು ಒಳಮಗ್ಗುಲಾಗಿ ಹೊರಳಿಸಿ ಹೊಲಿಗೆಯ ಆಚೆ ಎಷ್ಟಿದೆಯೆಂದು ನೋಡಬೇಕು. ಅಲ್ಲಿ ಏನೂ ಇಲ್ಲವಾದರೂ ಬಟ್ಟೆ ಬಿಡಲಾರದಷ್ಟು ಚೆನ್ನಾಗಿದ್ದರೆ ಬೇಕಾದ್ದಕ್ಕಿಂತ ಅರ್ಧ ಗೇಣು ಉದ್ದವಿರುವುದನ್ನು ಆರಿಸಿಕೊಳ್ಳಬಹುದು; ಉದ್ದ ತಗ್ಗಿಸಿದಾಗ ಉಳಿಯುವ ಪಟ್ಟಿಯಲ್ಲಿ ಎರಡೂ ಕಂಕುಳಿಗೆ ಬೇಕಾದ ಚೌಕಗಳು ಸಿಗುತ್ತವೆ.